ಸರ್ವರ್‌ಗೆ ಸರ್ವರ್ ಗುರುತು ಸಿಗುವುದು ಹೇಗೆ?

2024ರ ಜುಲೈ 31ರಂದು ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ ನಡೆಯಲಿಲ್ಲ, ಎಟಿಎಂ ದುಡ್ಡು ಕೊಡಲಿಲ್ಲ. ಬಹುಪಾಲು ಸಹಕಾರಿ ಬ್ಯಾಂಕುಗಳು, ಗ್ರಾಮೀಣ ಬ್ಯಾಂಕುಗಳು. ತೊಂದರೆ ಹುಟ್ಟಿದ್ದು ಮಾತ್ರ ಅವುಗಳ ಮನೆಯಲ್ಲಲ್ಲ. ಅವಕ್ಕೆ ತಂತ್ರಜ್ಞಾನ ಸೇವೆ ಕೊಡುತ್ತಿದ್ದ ಸಿ-ಎಡ್ಜ್ ಟೆಕ್ನಾಲಜೀಸ್ ಎಂಬ ಕಂಪನಿಗೆ, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ತಗುಲಿತ್ತು. ಟಿಸಿಎಸ್ ಮತ್ತು ಸ್ಟೇಟ್ ಬ್ಯಾಂಕ್ ಕೂಡಿ ಕಟ್ಟಿದ ಕಂಪನಿ ಅದು. ಸೋಂಕು ಹರಡದಿರಲಿ ಎಂದು ಪಾವತಿ ನಿಗಮ ಎನ್‌ಪಿಸಿಐ ಅದರ ಸಂಪರ್ಕವನ್ನೇ ಕಡಿದು ಹಾಕಿತು. ಮರುದಿನ ಸಂಪರ್ಕ ಮತ್ತೆ ಕೂಡಿತು.

ಕಳ್ಳರು ಒಳಗೆ ಬಂದ ದಾರಿ ಯಾವುದು ಎಂಬುದನ್ನು ಕ್ಲೌಡ್‌ಸೆಕ್ ಎಂಬ ಸೈಬರ್ ಭದ್ರತಾ ಸಂಸ್ಥೆ ಆಮೇಲೆ ಬರೆಯಿತು. ಅದರ ವರದಿ ಪ್ರಕಾರ, ಸಿ-ಎಡ್ಜ್ ಜೊತೆ ಕೆಲಸ ಮಾಡುತ್ತಿದ್ದ ಇನ್ನೊಂದು ಕಂಪನಿಯ ಜೆಂಕಿನ್ಸ್ ಸರ್ವರ್ ಸರಿಯಾಗಿ ಹೊಂದಿಸಿರಲಿಲ್ಲ. ಜೆಂಕಿನ್ಸ್ ಎಂದರೆ ತಂತ್ರಾಂಶವನ್ನು ಕಟ್ಟಿ, ಪರೀಕ್ಷಿಸಿ, ಬೇರೆ ಸರ್ವರ್‌ಗಳಿಗೆ ತಾನೇ ಹಾಕಿ ಬರುವ ಸಾಧನ. ಆ ಕೆಲಸ ಮಾಡಬೇಕಾದರೆ ಉಳಿದ ಸರ್ವರ್‌ಗಳ ಕೀಗಳು ಅದರ ಹತ್ತಿರ ಇರಲೇಬೇಕು. ಲಾಗಿನ್ ಆಗದ ಹೊರಗಿನವನೂ ಅದರೊಳಗಿನ ಫೈಲುಗಳನ್ನು ಓದಬಹುದಾದ ಒಂದು ದೋಷ ಅದೇ ವರ್ಷದ ಜನವರಿ 24ರಂದೇ ಪ್ರಕಟವಾಗಿತ್ತು, ಅದಕ್ಕೆ ತೇಪೆಯೂ ಬಂದಿತ್ತು. ಜುಲೈವರೆಗೆ ಆ ತೇಪೆ ಹಾಕಿರಲಿಲ್ಲ.

ಇದಕ್ಕೂ ಆರು ವರ್ಷ ಹಿಂದೆ, 2018ರ ಆಗಸ್ಟ್ 11ರಿಂದ 13ರ ನಡುವೆ, ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕ್ ಸುಮಾರು 94 ಕೋಟಿ ರೂಪಾಯಿ ಕಳೆದುಕೊಂಡಿತು. ಎಟಿಎಂನಿಂದ ಬರುವ ಕೋರಿಕೆ ಒಂದು ಸ್ವಿಚ್ ಸರ್ವರ್ ದಾಟಿ ಕೋರ್ ಬ್ಯಾಂಕಿಂಗ್‌ಗೆ ಹೋಗಬೇಕು. ಖಾತೆಯಲ್ಲಿ ಹಣವಿದೆಯೇ ಎಂದು ಅಲ್ಲಿ ನೋಡಬೇಕು. ಆಮೇಲೆ ಹೂಂ ಎನ್ನಬೇಕು. ಕಳ್ಳರು ನಡುವೆ ತಮ್ಮದೇ ಸುಳ್ಳು ಸ್ವಿಚ್ ಕೂರಿಸಿದರು. ಕೋರಿಕೆ ಕೋರ್ ಬ್ಯಾಂಕಿಂಗ್ ಮುಟ್ಟಲೇ ಇಲ್ಲ; ಕೇಳಿದ್ದಕ್ಕೆಲ್ಲ ಸುಳ್ಳು ಸ್ವಿಚ್ಚೇ ಹೂಂ ಎಂದಿತು. 28 ದೇಶಗಳ ಎಟಿಎಂಗಳಿಂದ ದುಡ್ಡು ಹೋಯಿತು. ಭಾರತದೊಳಗೆ ಹಣ ತೆಗೆದ ಊರುಗಳಲ್ಲಿ ಕೊಲ್ಹಾಪುರವೂ ಒಂದು, ಗಡಿಯ ಈಚೆಯ ನಿಪ್ಪಾಣಿಯವರು ಆಸ್ಪತ್ರೆಗೂ ಖರೀದಿಗೂ ಹೋಗಿ ಬರುವ ಅದೇ ಕೊಲ್ಹಾಪುರ.

ಒಟಿಪಿ ಕೇಳಿ ಗ್ರಾಹಕನಿಗೆ ಟೋಪಿ ಹಾಕಿದ ಪ್ರಕರಣಗಳಲ್ಲ ಇವು. ಒಂದು ಯಂತ್ರ ಇನ್ನೊಂದನ್ನು “ನೀನು ಯಾರು?” ಎಂದು ಸರಿಯಾಗಿ ಕೇಳದಿದ್ದಾಗ ಆದದ್ದು. ಗ್ರಾಹಕನಿಗೆ ಪಿನ್ನು, ಒಟಿಪಿ, ಬೆರಳಚ್ಚು ಎಂದು ಮೂರು ಬಾಗಿಲು ದಾಟಿಸುವ ಸಂಸ್ಥೆಗಳು ತಮ್ಮ ಬ್ಯಾಕಪ್ ತಂತ್ರಾಂಶ, ಮಾನಿಟರಿಂಗ್ ತಂತ್ರಾಂಶ, ರಿಮೋಟ್ ತಂತ್ರಾಂಶಗಳನ್ನು ಮಾತ್ರ ಹಿಂಬಾಗಿಲಿನಿಂದ ಕೇಳದೆ ಒಳಗೆ ಬಿಡುತ್ತವೆ. ಈ ಲೇಖನ ಆ ಹಿಂಬಾಗಿಲಿನ ಬಗ್ಗೆ.

ಬೆಳಗಾವಿ ಜಿಲ್ಲೆಯ ಗಡಿ ಕಡೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಸರ್ವರ್ ಎಂದರೆ ದೊಡ್ಡ ಡೇಟಾ ಸೆಂಟರ್ ಅಲ್ಲ. ಮ್ಯಾನೇಜರ್ ಕ್ಯಾಬಿನ್ ಹಿಂದಿನ ಸಣ್ಣ ಕೋಣೆ, ಒಂದು ಎಸಿ, ಒಂದು ಯುಪಿಎಸ್, ಮೂಲೆಯಲ್ಲಿ ಹಳೆಯ ಲೆಡ್ಜರ್‌ಗಳ ಗಂಟು. ಸದಲಗಾ, ಯಕ್ಸಂಬಾ, ಕುಡಚಿ, ಐನಾಪುರ, ಶೇಡಬಾಳದಂಥ ಊರುಗಳಲ್ಲಿ ಶಾಖೆ ಇರುವ ಪತ್ತಿನ ಸಂಘಗಳು ಮತ್ತು ಸೌಹಾರ್ದ ಸಹಕಾರಿಗಳು, ಸಕ್ಕರೆ ಕಾರ್ಖಾನೆಗಳು, ಕಾಲೇಜುಗಳು, ಆಸ್ಪತ್ರೆಗಳು ಎಲ್ಲವೂ ಇಂಥ ಕೋಣೆಗಳ ಮೇಲೆ ನಡೆಯುತ್ತವೆ. ನೋಡಿಕೊಳ್ಳುವವರು ಬಹಳಷ್ಟು ಸಲ ಊರಲ್ಲೇ ಇರುವುದಿಲ್ಲ. ಬೆಳಗಾವಿ, ಕೊಲ್ಹಾಪುರ, ಇಚಲಕರಂಜಿಯಿಂದ ಕೆಲಸ ಮಾಡುತ್ತಾರೆ. ಕಾಗವಾಡದವರಿಗಂತೂ ಬೆಳಗಾವಿಗಿಂತ ಮಿರಜ್ ಹತ್ತಿರ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ಉಕ್ಕಿ ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ಹೆದ್ದಾರಿಯೇ ಮುಳುಗಿತ್ತು. 2021ರ ಜುಲೈನಲ್ಲೂ ರಸ್ತೆ ಬಂದಾಯಿತು. ಅಂಥ ದಿನ ಇಂಜಿನಿಯರ್ ಬರಲಾರ. ದೂರದಿಂದ ಸರ್ವರ್ ನೋಡಿಕೊಳ್ಳುವ ಸಾಧನ ಇಲ್ಲಿ ಇರಲೇಬೇಕು. ಹಾಗಾಗಿ “ರಿಮೋಟ್ ಬಂದ್ ಮಾಡಿ” ಎಂಬ ಸಲಹೆಯಿಂದ ಈ ಕಡೆ ಪ್ರಯೋಜನವಿಲ್ಲ.

ಮೊದಲು ಒಂದು ಹಾಳೆ

ಹೊಸದೇನನ್ನೂ ಖರೀದಿಸುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಯಾವ ಯಂತ್ರ ಯಾವ ಯಂತ್ರದ ಜೊತೆ ಮಾತಾಡುತ್ತದೆ, ಯಾವ ಪೋರ್ಟಿನಲ್ಲಿ, ಯಾವ ಹೆಸರಿನಿಂದ ಒಳಗೆ ಹೋಗುತ್ತದೆ, ಆ ಹೆಸರಿಗೆ ಏನೇನು ಅಧಿಕಾರವಿದೆ: ಸಾಲಿಗೊಂದರಂತೆ ಬರೆಯಿರಿ. ಶಾಖೆಯ ಪಿಸಿಯಿಂದ ಡೇಟಾಬೇಸ್‌ಗೆ, ಡೇಟಾಬೇಸ್‌ನಿಂದ ಬ್ಯಾಕಪ್ ಡಬ್ಬಿಗೆ, ಮಾನಿಟರಿಂಗ್ ಸರ್ವರ್‌ನಿಂದ ಎಲ್ಲದಕ್ಕೂ, ಎಸ್‌ಎಂಎಸ್ ಕಳಿಸುವ ತಂತ್ರಾಂಶದಿಂದ ಹೊರಗಿನ ಗೇಟ್‌ವೇಗೆ. ಐದು ಸರ್ವರ್ ಇರುವ ಕಚೇರಿಯಲ್ಲಿ ಮಧ್ಯಾಹ್ನದೊಳಗೆ ಮುಗಿಯುವ ಕೆಲಸ. ಬರೆಯುತ್ತ ಹೋದಂತೆ “ರೂಟ್”, “ಅಡ್ಮಿನಿಸ್ಟ್ರೇಟರ್”, “ಎಸ್‌ಎ” ಎಂಬ ಮೂರು ಹೆಸರುಗಳೇ ಎಲ್ಲ ಸಾಲಲ್ಲೂ ಬರತೊಡಗಿದರೆ ರೋಗ ಎಲ್ಲಿದೆ ಎಂದು ಗೊತ್ತಾಯಿತು. ಪ್ರತಿ ಸಾಧನಕ್ಕೂ ಅದರದೇ ಹೆಸರು ಇರಬೇಕು, ಅದರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಇರಬೇಕು. ಎಸ್‌ಎಂಎಸ್ ತಂತ್ರಾಂಶಕ್ಕೆ ಖಾತೆಯ ಶಿಲ್ಕು ಓದಲು ಬಂದರೆ ಸಾಕು, ತಿದ್ದಲು ಬರಬೇಕಾಗಿಲ್ಲ.

ಗುರುತು ಮೊದಲು

ಸುರಕ್ಷಿತ ಸಂಪರ್ಕ ಎಂದರೆ ಎನ್‌ಕ್ರಿಪ್ಷನ್ ಎಂದಷ್ಟೇ ತಿಳಿದವರು ಬಹಳ. ನಡುವೆ ಕೂತವನಿಗೆ ಓದಲು ಬಾರದಂತೆ ಮಾತನ್ನು ಕಲಸಿ ಕಳಿಸುವುದು ಅರ್ಧ ಕೆಲಸ. ಆಚೆ ತುದಿಯಲ್ಲಿ ಇರುವವನು ಕಳ್ಳನೇ ಆಗಿದ್ದರೆ, ನೀವು ಕಲಸಿ ಕಳಿಸಿದ ಪಾಸ್‌ವರ್ಡ್ ಭದ್ರವಾಗಿ ಕಳ್ಳನ ಕೈ ಸೇರುತ್ತದೆ. ಆದ್ದರಿಂದ ಗುರುತಿನ ಪ್ರಶ್ನೆ ಮೊದಲು.

ಪಾಸ್‌ವರ್ಡಿನ ತೊಂದರೆ ಏನೆಂದರೆ, ಗುರುತು ತೋರಿಸಬೇಕಾದರೆ ಗುಟ್ಟನ್ನೇ ಎದುರಿನವನಿಗೆ ಒಪ್ಪಿಸಬೇಕು. ಕೀ ಜೋಡಿಯಲ್ಲಿ ಹಾಗಿಲ್ಲ. ಪತ್ತಿನ ಸಂಘದಲ್ಲಿ ಖಾತೆ ತೆರೆದ ದಿನ ಮಾದರಿ ಸಹಿ ಕಾರ್ಡಿಗೆ ಸಹಿ ಮಾಡಿಸಿಟ್ಟುಕೊಂಡು, ಮುಂದೆ ಪ್ರತಿ ಚೆಕ್ಕನ್ನೂ ಅದಕ್ಕೆ ತಾಳೆ ನೋಡುತ್ತಾರಲ್ಲ, ಇಲ್ಲಿ ಸಾರ್ವಜನಿಕ ಕೀ ಆ ಕಾರ್ಡಿದ್ದಂತೆ. ಸಹಿ ಮಾಡುವ ಕೈ ಎಂಬ ಖಾಸಗಿ ಕೀ ತನ್ನ ಯಂತ್ರ ಬಿಟ್ಟು ಎಲ್ಲೂ ಹೋಗುವುದಿಲ್ಲ. ಕಾರ್ಡು ಕದ್ದವನಿಗೆ ಸಹಿ ಹಾಕಲು ಬರುವುದಿಲ್ಲ, ಅದೂ ಪ್ರತಿ ಸಲ ಹೊಸದಾಗಿ ಬರೆದ ಸವಾಲಿಗೆ.

ಬ್ರೌಸರ್‌ನಲ್ಲಿ ಬ್ಯಾಂಕಿನ ಪುಟ ತೆರೆದಾಗ ಒಂದೇ ಕಡೆಯ ತಪಾಸಣೆ ನಡೆಯುತ್ತದೆ. ನಿಮ್ಮ ಬ್ರೌಸರ್ ಬ್ಯಾಂಕಿನ ಸರ್ಟಿಫಿಕೇಟ್, ಅಂದರೆ ಈ ಸಾರ್ವಜನಿಕ ಕೀ ಇಂಥವರದೇ ಎಂಬ ಪ್ರಮಾಣಪತ್ರ, ನೋಡುತ್ತದೆ, ಬ್ಯಾಂಕು ನಿಮ್ಮನ್ನು ಒಟಿಪಿಯಿಂದ ಗುರುತಿಸುತ್ತದೆ. ಯಂತ್ರಕ್ಕೆ ಒಟಿಪಿ ಬರುವುದಿಲ್ಲ. ಎರಡೂ ಕಡೆಯವರು ಸರ್ಟಿಫಿಕೇಟ್ ತೋರಿಸಿ, ಎರಡೂ ಕಡೆಯವರು ನೋಡಬೇಕು. ಇದಕ್ಕೆ ಮ್ಯೂಚುವಲ್ ಟಿಎಲ್‌ಎಸ್ ಎನ್ನುತ್ತಾರೆ. ಟಿಎಲ್‌ಎಸ್‌ನ 1.3ನೇ ಆವೃತ್ತಿ 2018ರಲ್ಲಿ ಬಂದಿದೆ, 1.0 ಮತ್ತು 1.1 ಆವೃತ್ತಿಗಳನ್ನು 2021ರಲ್ಲಿ ಅಧಿಕೃತವಾಗಿ ಕೈಬಿಟ್ಟಿದ್ದಾರೆ. “ಹಳೆ ತಂತ್ರಾಂಶ 1.0 ಬಿಟ್ಟು ಬೇರೆ ಮಾತಾಡುವುದಿಲ್ಲ” ಎಂದು ನಿಮ್ಮ ಪೂರೈಕೆದಾರ ಹೇಳಿದರೆ, ಬದಲಾಗಬೇಕಾದದ್ದು ತಂತ್ರಾಂಶ. ಅಲ್ಲಿಯವರೆಗೆ ಅದನ್ನು ಹೊರಗಿನ ನೆಟ್‌ಗೆ ತೋರಿಸಬೇಡಿ.

“ಯೆಸ್” ಎಂದು ಬರೆಯುವ ಮೊದಲು

ಲಿನಕ್ಸ್ ಸರ್ವರ್ ನೋಡಿಕೊಳ್ಳುವವರ ನಿತ್ಯದ ಉಪಕರಣ ಎಸ್‌ಎಸ್‌ಎಚ್. 1995ರಲ್ಲಿ ಫಿನ್ಲೆಂಡಿನ ಟಾಟು ಇಲೋನೆನ್ ತನ್ನ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದು ಕೇಳುತ್ತಿದ್ದಾರೆ ಎಂದು ಗೊತ್ತಾದ ಮೇಲೆ ಬರೆದದ್ದು ಅದು. ಅನ್ಸಿಬಲ್‌ನಂಥ ಸಾಧನಗಳು ನೂರು ಸರ್ವರ್‌ಗಳಿಗೆ ಒಮ್ಮೆಲೇ ಆಜ್ಞೆ ಕೊಡುವುದೂ ಇದರ ಮೂಲಕವೇ.

ಮೊದಲ ಸಲ ಒಂದು ಸರ್ವರ್‌ಗೆ ಹೋದಾಗ ಎಸ್‌ಎಸ್‌ಎಚ್ ಒಂದು ಪ್ರಶ್ನೆ ಕೇಳುತ್ತದೆ: ಈ ಯಂತ್ರ ನನಗೆ ಗೊತ್ತಿಲ್ಲ, ಇದರ ಫಿಂಗರ್‌ಪ್ರಿಂಟ್ ಇಂಥದು, ಮುಂದುವರಿಯಲೇ? ಬಹಳಷ್ಟು ಜನ ಓದದೆ “ಯೆಸ್” ಬರೆದು ಎಂಟರ್ ಒತ್ತುತ್ತಾರೆ. ಇಡೀ ವ್ಯವಸ್ಥೆ ನಿಂತಿರುವುದೇ ಆ ಒಂದು ಕ್ಷಣದ ಮೇಲೆ. ಆ ಹೊತ್ತು ನಡುವೆ ಯಾರಾದರೂ ಕೂತಿದ್ದರೆ ಅವರ ಗುರುತೇ ನಿಮ್ಮಲ್ಲಿ “ಪರಿಚಿತ” ಎಂದು ಕಾಯಂ ಆಗುತ್ತದೆ. ಮಾಡಬೇಕಾದದ್ದು ಇಷ್ಟು: ಸರ್ವರ್ ಮುಂದೆ ಕೂತವರಿಂದ ಫೋನಿನಲ್ಲಿ ಆ ಗುರುತನ್ನು ಓದಿಸಿಕೊಂಡು ತಾಳೆ ನೋಡುವುದು. ಬೆಳಗಾವಿಯ ಇಂಜಿನಿಯರ್, ಕಾಗವಾಡದ ಗುಮಾಸ್ತ, ಹೀಗೆ ಎಂದುಕೊಳ್ಳಿ:

“ಪರದೆ ಮ್ಯಾಲೆ ಎಸ್‌ಎಚ್‌ಎ-256 ಅಂತ ಐತಲ್ರಿ, ಅದರ ಮುಂದಿಂದು ಓದ್ರಿ.”

“ಪೂರಾ ಓದ್ಬೇಕೇನ್ರಿ ಸರ? ಕಡೀದು ನಾಕೈದು ಸಾಕಲ್ರಿ?”

“ಸಾಕಾಗೂದಿಲ್ರಿ, ಪೂರಾ ಓದ್ರಿ. ಸಣ್ಣ ಅಕ್ಷರ ಯಾವ್ದು, ದೊಡ್ಡದು ಯಾವ್ದು ಅದನ್ನೂ ಹೇಳ್ರಿ.”

ಒಟ್ಟು 43 ಅಕ್ಷರ. ಎರಡು ನಿಮಿಷದ ಬೇಸರದ ಕೆಲಸ. ಕೊನೆಯ ನಾಲ್ಕೈದು ಅಕ್ಷರ ಹೊಂದುವಂಥ ಸುಳ್ಳು ಕೀಯನ್ನು ಕಂಪ್ಯೂಟರ್‌ಗೆ ಹಚ್ಚಿ ಹುಡುಕಿ ತಯಾರಿಸಬಹುದು. 43ಕ್ಕೆ 43 ಹೊಂದಿಸುವುದು ಆಗದ ಮಾತು. ಮುಂದೊಂದು ದಿನ ಅದೇ ಸರ್ವರ್‌ಗೆ ಹೋಗುವಾಗ “ಗುರುತು ಬದಲಾಗಿದೆ” ಎಂಬ ದೊಡ್ಡ ಎಚ್ಚರಿಕೆ ಬಂದರೆ, ಹಳೆಯ ಸಾಲನ್ನು ಅಳಿಸಿ ಮುಂದೆ ಹೋಗುವ ಮುನ್ನ ಫೋನ್ ಮಾಡಿ. ಸರ್ವರ್ ಫಾರ್ಮ್ಯಾಟ್ ಆಗಿದ್ದರೆ ಗುರುತು ಬದಲಾಗುವುದು ಸಹಜ. ಫಾರ್ಮ್ಯಾಟ್ ಆಗಿಲ್ಲ ಎಂದರೆ ಅಲ್ಲೇ ನಿಲ್ಲಿ.

ಅನ್ಸಿಬಲ್ ಬಳಸುವವರು ಇಂಟರ್‌ನೆಟ್‌ನಲ್ಲಿ ಸಿಕ್ಕ ಸಲಹೆ ನಂಬಿ ಈ ತಪಾಸಣೆಯನ್ನೇ ಬಂದ್ ಮಾಡಿ ಇಡುವುದುಂಟು. ಕೆಲಸ ಸರಾಗ ಆಗುತ್ತದೆ, ನಿಜ. ಕಳ್ಳನ ಕೆಲಸವೂ ಅಷ್ಟೇ ಸರಾಗ.

ಇನ್ನು ನಿಮ್ಮ ಕಡೆಯ ಗುರುತು. ಪಾಸ್‌ವರ್ಡ್ ಲಾಗಿನ್ ಬಂದ್ ಮಾಡಿ, ಎಡ್-25519 ಬಗೆಯ ಕೀ ಜೋಡಿ ಮಾಡಿಕೊಳ್ಳಿ. ಮನುಷ್ಯರು ಬಳಸುವ ಕೀಗೆ ಪಾಸ್‌ಫ್ರೇಸ್ ಇರಲೇಬೇಕು. ರಾತ್ರಿ ಎರಡಕ್ಕೆ ತಾನೇ ಓಡುವ ಬ್ಯಾಕಪ್ ಸ್ಕ್ರಿಪ್ಟಿಗೆ ಪಾಸ್‌ಫ್ರೇಸ್ ಹೇಳುವವರು ಯಾರೂ ಇರುವುದಿಲ್ಲವಾದ್ದರಿಂದ ಅಲ್ಲಿ ಬೇರೆ ಕಟ್ಟುಪಾಡು ಬೇಕು. ಸರ್ವರ್‌ನಲ್ಲಿ ಒಪ್ಪಿತ ಕೀಗಳ ಫೈಲು ಇರುತ್ತದೆ. ಅದರಲ್ಲಿ ಆ ಕೀಯ ಸಾಲಿನ ಮುಂದೆ ಎರಡು ಷರತ್ತು ಬರೆಯಬಹುದು. ಈ ಕೀ ಇಂಥ ಐಪಿ ವಿಳಾಸದಿಂದ ಬಂದರೆ ಮಾತ್ರ ನಡೆಯುತ್ತದೆ. ನಡೆದರೂ ಈ ಒಂದೇ ಆಜ್ಞೆ ಓಡಿಸುತ್ತದೆ. ಈ ಕೀ ಕದ್ದವನಿಗೆ ಸಿಗುವುದು ತೀರ ಅಲ್ಪ. ಜೆಂಕಿನ್ಸ್‌ನಂಥ ಸಾಧನದಲ್ಲಿ ಇಡುವ ಕೀಗಳಿಗಂತೂ ಈ ಎರಡು ಷರತ್ತು ತಪ್ಪಬಾರದು.

ಬ್ಯಾಕಪ್ ವಿಷಯದಲ್ಲಿ ಇನ್ನೊಂದು ಮಾತು. ಮುಖ್ಯ ಸರ್ವರ್ ತಾನೇ ಹೋಗಿ ಬ್ಯಾಕಪ್ ಡಬ್ಬಿಯಲ್ಲಿ ಬರೆಯುವ ಏರ್ಪಾಡು ಇದ್ದರೆ, ಮುಖ್ಯ ಸರ್ವರ್ ಹಿಡಿದ ರ‍್ಯಾನ್ಸಮ್‌ವೇರ್ ಬ್ಯಾಕಪ್ಪನ್ನೂ ತಿನ್ನುತ್ತದೆ. ಉಲ್ಟಾ ಮಾಡಿ. ಬ್ಯಾಕಪ್ ಯಂತ್ರವೇ ಬಂದು ಓದಿಕೊಂಡು ಹೋಗಲಿ, ಮುಖ್ಯ ಸರ್ವರ್‌ಗೆ ಬ್ಯಾಕಪ್ ಯಂತ್ರದ ದಾರಿಯೇ ಗೊತ್ತಿಲ್ಲದಿರಲಿ. ಒಂದು ಪ್ರತಿ ನದಿಯ ನೀರು ಬರದ ಊರಲ್ಲಿ ಇರಲಿ.

ಕರೆಂಟು, ಗಡಿಯಾರ, ಮೂವತ್ತು ರೂಪಾಯಿಯ ಸೆಲ್ಲು

ಸರ್ಟಿಫಿಕೇಟ್ ಎಲ್ಲ ಸರಿಯಾಗಿ ಹಾಕಿ ಬಂದ ಮೇಲೆ, ಮಳೆಗಾಲದ ಒಂದು ಬೆಳಿಗ್ಗೆ ಶಾಖೆಯಿಂದ ಫೋನ್ ಬರುತ್ತದೆ: ಸರ್ವರ್ ಕನೆಕ್ಟ್ ಆಗುತ್ತಿಲ್ಲ. ನೆಟ್ ಇದೆ, ಪಿಂಗ್ ಹೋಗುತ್ತದೆ, ಲಾಗಿನ್ ಮಾತ್ರ ಇಲ್ಲ. ಪರದೆಯ ಬಲಮೂಲೆಯ ಕೆಳಗೆ ನೋಡಿದರೆ ದಿನಾಂಕ ಹತ್ತು ಹದಿನೈದು ವರ್ಷ ಹಿಂದಿನ ಜನವರಿ 1. ರಾತ್ರಿ ಕರೆಂಟು ಹೋಗಿ ಯುಪಿಎಸ್ ಖಾಲಿಯಾಗಿದೆ. ಮದರ್‌ಬೋರ್ಡ್ ಮೇಲಿನ ನಾಣ್ಯದಷ್ಟು ದೊಡ್ಡ ಸಿಆರ್-2032 ಸೆಲ್ಲು ಸತ್ತು ಎಷ್ಟೋ ದಿನವಾಗಿದೆ. ಕರೆಂಟು ಬಂದಾಗ ಪಿಸಿ ತಾನು ಹುಟ್ಟಿದ ಕಾಲಕ್ಕೆ ಮರಳಿದೆ. ಸರ್ಟಿಫಿಕೇಟಿನಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಬರೆದಿರುತ್ತದೆಯಲ್ಲ, ಪಿಸಿಯ ಲೆಕ್ಕದಲ್ಲಿ ಆ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ. ವಿಂಡೋಸ್ ಡೊಮೈನ್ ಇದ್ದರೆ ಪೇಚು ಹೆಚ್ಚು: ಅಲ್ಲಿ ಗುರುತು ನೋಡುವ ಕರ್ಬರೋಸ್ ಮಾಮೂಲಾಗಿ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಸಹಿಸುವುದಿಲ್ಲ.

ಇಂಥ ಹೊತ್ತಿನಲ್ಲಿ ಫೋನ್ ಆ ಕಡೆ ಇರುವವರು ಕೊಡುವ ಅತಿ ಕೆಟ್ಟ ಪರಿಹಾರ “ಸರ್ಟಿಫಿಕೇಟ್ ಚೆಕ್ ತೆಗೆದುಬಿಡ್ರಿ” ಎಂಬುದು. ಹಾಗೆ ತೆಗೆದದ್ದನ್ನು ಮತ್ತೆ ಹಾಕಿದವರನ್ನು ನಾನು ಕಂಡಿಲ್ಲ. ಸೆಲ್ಲು ಬದಲಾಯಿಸಿ, ಎಲ್ಲ ಯಂತ್ರಗಳೂ ಕಚೇರಿಯ ಒಂದು ಸರ್ವರ್‌ನಿಂದ ಸಮಯ ತೆಗೆದುಕೊಳ್ಳುವಂತೆ ಮಾಡಿ, ಆ ಸರ್ವರ್ ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ನಿಂದ ತೆಗೆದುಕೊಳ್ಳಲಿ. ಈ ಕೊನೆಯ ಮಾತನ್ನು ಕಾನೂನೂ ಹೇಳುತ್ತದೆ, ಮುಂದೆ ಬರುತ್ತದೆ.

ಕಾವಲುಗಾರನಿಗೂ ಕಾವಲು

ಸರ್ವರ್ ಬಿಸಿಯಾಗಿದೆಯೇ, ಡಿಸ್ಕ್ ತುಂಬಿದೆಯೇ ಎಂದು ನೋಡುವ ಮಾನಿಟರಿಂಗ್ ತಂತ್ರಾಂಶವನ್ನು ಸಾಧು ಪ್ರಾಣಿ ಎಂದುಕೊಳ್ಳುತ್ತೇವೆ. ಎಲ್ಲ ಯಂತ್ರಗಳ ಒಳಗೂ ಅದಕ್ಕೆ ಪ್ರವೇಶ ಇರುವುದರಿಂದ ಕಳ್ಳರಿಗೆ ಅದರ ಮೇಲೇ ಕಣ್ಣು. ಅಂಥದೇ ಪ್ರವೇಶ ಇರುವ ಸಾಲ್ಟ್ ಎಂಬ ಸರ್ವರ್ ನಿರ್ವಹಣಾ ಸಾಧನದಲ್ಲಿ ಗುರುತು ಕೇಳದೆಯೇ ಆಜ್ಞೆ ಒಪ್ಪಿಕೊಳ್ಳುವ ದೋಷ 2020ರ ಏಪ್ರಿಲ್ ಕೊನೆಗೆ ಬಯಲಾಯಿತು. ಎರಡು ಮೂರು ದಿನದಲ್ಲಿ ಲಿನಿಯೇಜ್ ಓಎಸ್, ಘೋಸ್ಟ್‌ನಂಥ ಹೆಸರುವಾಸಿ ತಂಡಗಳ ಸರ್ವರ್‌ಗಳೇ ಕೈಬಿಟ್ಟು ಹೋದವು. ಸಾಲ್ಟ್ ಬಳಸುವ 4505 ಮತ್ತು 4506 ಪೋರ್ಟುಗಳನ್ನು ಇಡೀ ಇಂಟರ್‌ನೆಟ್‌ಗೆ ತೆರೆದಿಟ್ಟವರು ಪೆಟ್ಟು ತಿಂದರು. ಒಳಜಾಲದಲ್ಲಿ ಇಟ್ಟವರಿಗೆ ಉಸಿರಾಡಲು ಸಮಯ ಸಿಕ್ಕಿತು.

ಸಣ್ಣ ಕಚೇರಿಯಲ್ಲಿ ನೋಡಬೇಕಾದ್ದು: ಸ್ವಿಚ್, ರೌಟರ್, ಯುಪಿಎಸ್‌ಗಳ ಸ್ಥಿತಿ ಕೇಳಲು ಬಳಸುವ ಎಸ್‌ಎನ್‌ಎಂಪಿಯಲ್ಲಿ ಗುಟ್ಟಿನ ಪದವಾಗಿ ಕಾರ್ಖಾನೆಯಿಂದ ಬಂದ “ಪಬ್ಲಿಕ್” ಎಂಬುದೇ ಉಳಿದಿರುತ್ತದೆ, ಮೂರನೇ ಆವೃತ್ತಿಗೆ ಹೋಗಿ ಗುರುತು ಮತ್ತು ಎನ್‌ಕ್ರಿಪ್ಷನ್ ಎರಡನ್ನೂ ಚಾಲೂ ಮಾಡಿ. ಜಾಬಿಕ್ಸ್ ಎಂಬ ಮಾನಿಟರಿಂಗ್ ತಂತ್ರಾಂಶದಲ್ಲಿ ಏಜೆಂಟ್ ಮತ್ತು ಸರ್ವರ್ ನಡುವಿನ ಮಾತು ತಾನಾಗಿ ಎನ್‌ಕ್ರಿಪ್ಟ್ ಆಗಿರುವುದಿಲ್ಲ, ಮೊದಲೇ ಹಂಚಿಕೊಂಡ ಕೀ ಹಾಕಿ ನೀವೇ ಮಾಡಬೇಕು. ಪ್ರತಿ ಯಂತ್ರಕ್ಕೂ ಬೇರೆ ಕೀ. ಪಪೆಟ್ ಎಂಬ ನಿರ್ವಹಣಾ ಸಾಧನದಲ್ಲಿ ಹೊಸ ಯಂತ್ರದ ಅರ್ಜಿಗೆ ತಾನೇ ಸಹಿ ಹಾಕುವ ಸೌಕರ್ಯ ಇದೆ, ಅದನ್ನು ಬಂದ್ ಇಡಿ. ಸರ್ವರ್ ಪೆಟ್ಟಿಗೆಯ ಹಿಂದೆ ಬೇರೆಯೇ ಒಂದು ನೆಟ್‌ವರ್ಕ್ ಪೋರ್ಟ್ ಇರುತ್ತದೆ, ಡೆಲ್‌ನಲ್ಲಿ ಐಡ್ರ್ಯಾಕ್, ಎಚ್‌ಪಿಯಲ್ಲಿ ಐಲೋ. ಸರ್ವರ್ ಬಂದ್ ಇದ್ದರೂ ಅದರಿಂದ ಚಾಲೂ ಮಾಡಬಹುದು, ಓಎಸ್ ಬದಲಾಯಿಸಬಹುದು. ಹಳೆಯ ಡೆಲ್ ಸರ್ವರ್‌ಗಳಲ್ಲಿ ಅದರ ಪಾಸ್‌ವರ್ಡ್ “ಕ್ಯಾಲ್ವಿನ್” ಎಂದು ಲೋಕಕ್ಕೆಲ್ಲ ಗೊತ್ತು. ಆ ಪೋರ್ಟನ್ನು ಸಿಸಿಟಿವಿ ಡಿವಿಆರ್ ಇರುವ ಅದೇ ಸ್ವಿಚ್ಚಿಗೆ ಚುಚ್ಚಿಟ್ಟ ಕೋಣೆಗಳು ಕಡಿಮೆಯಿಲ್ಲ.

ಸರ್ಟಿಫಿಕೇಟ್ ಕೊಡುವವರು ಯಾರು? ಒಳಗಿನ ಯಂತ್ರಗಳಿಗೆ ಹೊರಗಿನಿಂದ ಕೊಳ್ಳಬೇಕಿಲ್ಲ. ನಿಮ್ಮದೇ ಸಣ್ಣ ಸರ್ಟಿಫಿಕೇಟ್ ಪ್ರಾಧಿಕಾರ ಮಾಡಿಕೊಳ್ಳಬಹುದು. ಅದರ ಮೂಲ ಕೀಯನ್ನು ನೆಟ್‌ಗೆ ಎಂದೂ ಸೇರದ ಪಿಸಿಯಲ್ಲಿ ಮಾಡಿ, ಎರಡು ಪೆನ್‌ಡ್ರೈವ್‌ಗೆ ಹಾಕಿ, ಒಂದನ್ನು ತಿಜೋರಿಯಲ್ಲಿ, ಇನ್ನೊಂದನ್ನು ಬೇರೆ ಶಾಖೆಯ ತಿಜೋರಿಯಲ್ಲಿ ಇಡಿ. ಹೊರಗಿನವರಿಗೆ ಕಾಣುವ ಜಾಲತಾಣಗಳ ಸರ್ಟಿಫಿಕೇಟ್‌ಗಳ ಆಯುಷ್ಯವನ್ನು ಮಾತ್ರ ಹಂತಹಂತವಾಗಿ ಇಳಿಸುತ್ತಿದ್ದಾರೆ: 2026ರ ಮಾರ್ಚ್ 15ರಿಂದ 200 ದಿನ, 2027ರಿಂದ 100, 2029ರಿಂದ 47. ಕೈಯಿಂದ ನವೀಕರಿಸುವ ಕಾಲ ಮುಗಿಯಿತು, ತಾನೇ ನವೀಕರಣ ಆಗುವ ಏರ್ಪಾಡು ಈಗಲೇ ಮಾಡಿಕೊಳ್ಳಿ.

“ನಂಬರ್ ಹೇಳ್ರಿ”

ಗಡಿಭಾಗದ ಕಚೇರಿಗಳಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಮಾತು: “ಎನಿಡೆಸ್ಕ್ ಚಾಲೂ ಮಾಡ್ರಿ, ನಂಬರ್ ಹೇಳ್ರಿ.” ಟ್ಯಾಲಿ ನೋಡುವವರು, ಬಿಲ್ಲಿಂಗ್ ತಂತ್ರಾಂಶದವರು, ಪ್ರಿಂಟರ್‌ನವರು ಎಲ್ಲರಿಗೂ ಅದೇ ದಾರಿ. ನೀವೇ ಕೂತು ನೋಡುತ್ತಿರುವಾಗ ಹತ್ತು ನಿಮಿಷ ಬಿಟ್ಟು ಮುಚ್ಚುವುದಾದರೆ ನಡೆಯುತ್ತದೆ. ಸರ್ವರ್‌ನಲ್ಲಿ ಅದನ್ನು ಕಾಯಂ ಪಾಸ್‌ವರ್ಡ್ ಹಾಕಿ, ಯಾರೂ ಇಲ್ಲದಾಗಲೂ ಒಳಗೆ ಬರುವಂತೆ ಬಿಡುವುದು ಬೇರೆ ಮಾತು. ಆ ಪಾಸ್‌ವರ್ಡ್ ಪೂರೈಕೆದಾರನ ಎಷ್ಟು ಜನ ಹುಡುಗರಿಗೆ ಗೊತ್ತು, ಅವರಲ್ಲಿ ಎಷ್ಟು ಜನ ಈಗ ಪುಣೆಯಲ್ಲಿ ಬೇರೆ ಕೆಲಸದಲ್ಲಿದ್ದಾರೆ, ನಿಮಗೆ ಲೆಕ್ಕ ಸಿಗುವುದಿಲ್ಲ. 2024ರ ಫೆಬ್ರುವರಿಯಲ್ಲಿ ಎನಿಡೆಸ್ಕ್ ಕಂಪನಿಯೇ ತನ್ನ ಸರ್ವರ್‌ಗಳಿಗೆ ಅತಿಕ್ರಮಣ ಆಗಿತ್ತೆಂದು ಪ್ರಕಟಿಸಿ, ತನ್ನ ಜಾಲತಾಣದ ಗ್ರಾಹಕ ಖಾತೆಗಳ ಪಾಸ್‌ವರ್ಡ್‌ಗಳನ್ನು ರದ್ದು ಮಾಡಬೇಕಾಯಿತು.

ಇದಕ್ಕೆ ಬದಲಿಗೆ ವೈರ್‌ಗಾರ್ಡ್‌ನಂಥ ವಿಪಿಎನ್ ಹಾಕಿ. ಖರ್ಚಿಲ್ಲ, 2020ರಿಂದ ಲಿನಕ್ಸ್ ಕರ್ನೆಲ್‌ನಲ್ಲೇ ಇದೆ, ಪಾಸ್‌ವರ್ಡ್ ಎಂಬುದೇ ಅದರಲ್ಲಿಲ್ಲ, ಪ್ರತಿ ಯಂತ್ರಕ್ಕೂ ಕೀ ಜೋಡಿ. ಕೀ ಗೊತ್ತಿಲ್ಲದವನು ಬಾಗಿಲು ತಟ್ಟಿದರೆ ಅದು ಉತ್ತರವನ್ನೇ ಕೊಡುವುದಿಲ್ಲ. ಹೊರಗಿನವರೆಲ್ಲ ವಿಪಿಎನ್ ಮೂಲಕ ಒಂದೇ ಯಂತ್ರಕ್ಕೆ ಬರಲಿ, ಅಲ್ಲಿಂದ ಮುಂದೆ ಹೋಗಲಿ. ಪ್ರತಿಯೊಬ್ಬರಿಗೂ ಅವರದೇ ಹೆಸರು, ಎರಡನೇ ಹಂತದ ಕೋಡ್, ಹೋದದ್ದು ಬಂದದ್ದರ ದಾಖಲೆ. ಪೂರೈಕೆದಾರ ತಕರಾರು ಮಾಡುತ್ತಾನೆ. ಎಎಂಸಿ ಕರಾರು ನವೀಕರಿಸುವಾಗ ಷರತ್ತಾಗಿ ಬರೆಸಿಬಿಡಿ. ಕೆಲಸ ಬಿಟ್ಟವರ ಹೆಸರು ಅದೇ ದಿನ ಅಳಿಸಬೇಕು ಎಂಬುದನ್ನೂ ಅದರಲ್ಲೇ ಸೇರಿಸಿ.

ಕಾಟಾದ ಕಂಪ್ಯೂಟರ್

ಈ ಐದು ತಾಲ್ಲೂಕುಗಳಲ್ಲಿ ಕಬ್ಬಿನ ಹಂಗಾಮು ಶುರುವಾದರೆ ಎಲ್ಲರ ಕಣ್ಣು ಕಾರ್ಖಾನೆಯ ಕಾಟಾದ ಮೇಲೆ. ತೂಕ ಸರಿಯೋ ಅಲ್ಲವೋ ಎಂಬ ಜಗಳ ಹಳೆಯದು. ಟ್ರ್ಯಾಕ್ಟರ್ ಕಾಟಾ ಮೇಲೆ ನಿಂತಾಗ ಕೆಳಗಿನ ಲೋಡ್ ಸೆಲ್‌ಗಳ ಸಂಕೇತ ಇಂಡಿಕೇಟರ್ ಪೆಟ್ಟಿಗೆಗೆ ಬರುತ್ತದೆ. ಅಲ್ಲಿಂದ ಸೀರಿಯಲ್ ಕೇಬಲ್ ಮೂಲಕ ಕಾಟಾದ ಪಿಸಿಗೆ. ಅಲ್ಲಿಂದ ಕಾರ್ಖಾನೆಯ ಸರ್ವರ್‌ಗೆ. ಅಲ್ಲಿಂದ ರೈತನ ಬಿಲ್ಲಿಗೆ, ಮೊಬೈಲಿನ ಎಸ್‌ಎಂಎಸ್‌ಗೆ. ಪಿಸಿಯಿಂದ ಸರ್ವರ್‌ಗೆ ಮ್ಯೂಚುವಲ್ ಟಿಎಲ್‌ಎಸ್ ಹಾಕಬಹುದು, ಹಾಕಲೇಬೇಕು: ಕಾಟಾ ಎರಡರ ಪಿಸಿ ಕಾಟಾ ಒಂದರ ಹೆಸರಿನಲ್ಲಿ ತೂಕ ಕಳಿಸಬಾರದು, ಆಫೀಸಿನ ಇನ್ಯಾವುದೋ ಪಿಸಿಯಂತೂ ಕಳಿಸಲೇಬಾರದು. ಪ್ರತಿ ತೂಕದ ದಾಖಲೆಗೂ ಪಿಸಿಯ ಕೀಯಿಂದ ಸಹಿ ಹಾಕಿಸಿದರೆ ಆಮೇಲೆ ಡೇಟಾಬೇಸ್‌ನಲ್ಲಿ ಯಾರು ತಿದ್ದಿದರೂ ಸಿಕ್ಕಿಬೀಳುತ್ತದೆ.

ಇಂಡಿಕೇಟರ್‌ನಿಂದ ಪಿಸಿಗೆ ಬರುವ ಕೇಬಲ್ಲಿನ ಕಥೆ ಬೇರೆ. ಅದರಲ್ಲಿ ತೂಕ ಬರಿಯ ಅಂಕಿಯಾಗಿ ಹರಿಯುತ್ತದೆ, ಕಳಿಸಿದವರಾರು ಎಂದು ಕೇಳುವ ವ್ಯವಸ್ಥೆಯೇ ಇಲ್ಲ. ನಡುವೆ ಅಂಗೈಯಷ್ಟು ಸಾಧನ ಕೂರಿಸಿ ಬೇರೆ ಅಂಕಿ ತುಂಬಿಸಿದರೆ ಅಲ್ಲಿಂದ ಮುಂದಿನ ಎಲ್ಲ ಸರ್ಟಿಫಿಕೇಟುಗಳೂ ಸುಳ್ಳು ತೂಕವನ್ನೇ ಭದ್ರವಾಗಿ ಸಾಗಿಸುತ್ತವೆ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮೊಹರು, ಪೈಪಿನೊಳಗೆ ಮುಚ್ಚಿದ ಕೇಬಲ್, ಇಂಡಿಕೇಟರ್ ಅಂಕಿಯನ್ನು ರೈತನಿಗೂ ಕಾಣುವಂತೆ ಹೊರಗೆ ತೋರಿಸುವ ಫಲಕ, ಅದರ ಮೇಲೊಂದು ಕ್ಯಾಮೆರಾ ಇವುಗಳಿಂದಲೇ ಆ ಎರಡು ಮೀಟರ್ ದಾರಿಯನ್ನು ಕಾಯಬೇಕು.

ಕಾನೂನು, ಮತ್ತು ಆಗಬಾರದ್ದು ಆದ ದಿನ

ನಗರ ಸಹಕಾರಿ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ 2019ರ ಡಿಸೆಂಬರ್ 31ರಂದು ನಾಲ್ಕು ಹಂತದ ಸೈಬರ್ ಭದ್ರತಾ ಚೌಕಟ್ಟು ಕೊಟ್ಟಿದೆ. ಪತ್ತಿನ ಸಂಘಗಳು ಮತ್ತು 1997ರ ಸೌಹಾರ್ದ ಕಾಯ್ದೆಯಡಿಯ, ಬ್ಯಾಂಕ್ ಅಲ್ಲದ ಸೌಹಾರ್ದಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಹಾಗೆಂದು ಯಾವ ನಿಯಮವೂ ಇಲ್ಲವೆಂದಲ್ಲ. ಕೇಂದ್ರ ಸರ್ಕಾರದ ಸೈಬರ್ ತುರ್ತು ಸ್ಪಂದನಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಕಂಪನಿ, ಸಂಸ್ಥೆಗಳಿಗೆಲ್ಲ ಅನ್ವಯ: ಸೈಬರ್ ಘಟನೆ ಗಮನಕ್ಕೆ ಬಂದ 6 ತಾಸಿನೊಳಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು, ಗಡಿಯಾರಗಳನ್ನು ಮೇಲೆ ಹೇಳಿದ ಸಮಯ ಸರ್ವರ್‌ಗಳಿಗೆ ಹೊಂದಿಸಿರಬೇಕು. ಲಾಗ್‌ಗಳು ಆ ಸರ್ವರ್‌ನಲ್ಲೇ ಇದ್ದರೆ ಕಳ್ಳ ಮೊದಲು ಅಳಿಸುವುದು ಅವನ್ನೇ. ಬೇರೆ ಯಂತ್ರಕ್ಕೆ, ಟಿಎಲ್‌ಎಸ್ ಮೂಲಕ, ಬರೆಯಲು ಮಾತ್ರ ಅನುಮತಿ ಇರುವಂತೆ ಕಳಿಸಿ.

ದಾಳಿ ಆಗಿದೆ ಎಂದು ಅನುಮಾನ ಬಂದರೆ ನೆಟ್‌ವರ್ಕ್ ಕೇಬಲ್ ಕೀಳಿ, ಕರೆಂಟು ಕೀಳಬೇಡಿ. ಮೆಮೊರಿಯಲ್ಲಿರುವ ಕುರುಹು ಕರೆಂಟಿನ ಜೊತೆ ಹೋಗುತ್ತದೆ. ಫಾರ್ಮ್ಯಾಟ್ ಮಾಡಲು ಓಡಿಬರುವ ಹುಡುಗನನ್ನು ಬಾಗಿಲಲ್ಲೇ ನಿಲ್ಲಿಸಿ, ಚಹಾ ಕುಡಿಸಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಫೋನ್ ಮಾಡಿ, ಬೆಳಗಾವಿಯ ಸಿಇಎನ್ (ಸೈಬರ್ ಅಪರಾಧ) ಠಾಣೆಯಲ್ಲಿ ದೂರು ಕೊಡಿ. ಆಮೇಲೆ ಕೀಗಳನ್ನೂ ಪಾಸ್‌ವರ್ಡ್‌ಗಳನ್ನೂ ಬದಲಾಯಿಸುವ ಕೆಲಸ. ಅದಕ್ಕೆ ಅಂದೇ ಹೊಸದಾಗಿ ಓಎಸ್ ಹಾಕಿದ ಲ್ಯಾಪ್‌ಟಾಪ್ ಬಳಸಿ. ಸೋಂಕು ತಗುಲಿದ ಪಿಸಿಯಲ್ಲಿ ಕೂತು ಹೊಸ ಪಾಸ್‌ವರ್ಡ್ ಒತ್ತಿದರೆ ಅದೂ ಕಳ್ಳನಿಗೆ ಹೋಗುತ್ತದೆ. ಮೊದಲು ಮಾನಿಟರಿಂಗ್, ಬ್ಯಾಕಪ್, ಅನ್ಸಿಬಲ್‌ನಂಥ ನಿರ್ವಹಣಾ ಸರ್ವರ್‌ಗಳ ಕೀ ಬದಲಾಗಲಿ, ನಂತರ ಡೇಟಾಬೇಸ್, ಕೊನೆಗೆ ಶಾಖೆಗಳು. ಪ್ರತಿ ಸಾಲು ಮುಗಿದಂತೆ ಮೊದಲು ಬರೆದಿಟ್ಟ ಆ ಹಾಳೆಯಲ್ಲಿ ಗೆರೆ ಎಳೆಯಿರಿ, ದಿನಾಂಕ, ಸಮಯ ಬರೆದು ಇಬ್ಬರು ಸಹಿ ಮಾಡಿ.